ಹೊಳೆ ದಾಟಿದ ಆ ರಾತ್ರಿ ಯಾವ ಜನ್ಮದ್ದು?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ವಯಸ್ಸು ಮೂವತ್ತೆಂಟು. ಉಕ್ರೇನಿನ ಯುದ್ಧ ಆರಂಭವಾದಾಗಿನಿಂದ, ಗಾಜಾದ ದೃಶ್ಯಗಳು ಬರತೊಡಗಿದ ಮೇಲಂತೂ ಇನ್ನೂ ಹೆಚ್ಚಾಗಿ, ಕೂಸನ್ನು ಅವಚಿಕೊಂಡು ಓಡುವ ತಾಯಂದಿರನ್ನು ಟಿವಿಯಲ್ಲೋ ಫೋನಿನಲ್ಲೋ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತವೆ, ಏನೋ ಸುಟ್ಟ ವಾಸನೆ ಬರುತ್ತದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಒಂದೇ ಕನಸು: ಕತ್ತಲಲ್ಲಿ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದೇನೆ, ಬೆನ್ನ ಹಿಂದೆ ಬೆಂಕಿ, ಮಡಿಲಲ್ಲಿ ಅಳುವ ಕೂಸು, ಅದರ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದೇನೆ. ಸಂಬಂಧಿಕರ ಮಾತಿನ ಮೇಲೆ ಬೆಂಗಳೂರಿನಲ್ಲಿ ಒಬ್ಬರ ಬಳಿ ‘ಪಾಸ್ಟ್ ಲೈಫ್ ರಿಗ್ರೆಶನ್’ ಎಂಬ ಸಮ್ಮೋಹನಕ್ಕೆ ಮೂರು ಸಲ ಕುಳಿತೆ. ಅಲ್ಲಿ ಅದೇ ದೃಶ್ಯ ಇನ್ನೂ ಸ್ಪಷ್ಟವಾಯಿತು. ಆನೆಗೊಂದಿಯ ದಂಡೆಯಿಂದ ಹಂಪಿಯ ದಂಡೆಗೆ ಹೋಗುತ್ತಿದ್ದೆ. ಸೂರ್ಯಕಾಂತಿ ಹೊಲಗಳು ಹೊತ್ತಿ ಉರಿಯುತ್ತಿದ್ದವು. ವಿರೂಪಾಕ್ಷನ ಗೋಪುರ ಕುಸಿಯುತ್ತಿತ್ತು. 1565ರಲ್ಲಿ ವಿಜಯನಗರ ಹಾಳಾದಾಗ ಕೂಸಿನೊಂದಿಗೆ ಸತ್ತವಳು ನೀನು ಎಂದು ಅವರು ಹೇಳಿದರು. ಇನ್ನೂ ಎಂಟು ಸಲ ಬರಬೇಕಂತೆ. ಇದು ನಿಜವಾಗಿಯೂ ಪೂರ್ವಜನ್ಮದ ನೆನಪೇ? ಮುಂದುವರಿಸಲೇ? ಸುದ್ದಿ ನೋಡುವುದನ್ನು ಬಿಡು ಎಂದು ಮನೆಯವರು ಹೇಳುತ್ತಾರೆ, ಆದರೆ ಅಷ್ಟು ಜನ ಸಾಯುತ್ತಿರುವಾಗ ಕಣ್ಣು ಮುಚ್ಚಿಕೊಳ್ಳುವುದು ಪಾಪವೆನಿಸುತ್ತದೆ. ಚಿಕ್ಕಂದಿನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು ನಾನು; ಆಕೆ ರಜಾಕಾರರ ಕಾಲದ ಕಥೆ ಹೇಳುತ್ತಿದ್ದಳು, ತೀರಿಹೋಗಿ ಇಪ್ಪತ್ತು ವರ್ಷವಾಯಿತು. ತವರಿನಲ್ಲಿ ಈಗ ಎಂಬತ್ತರ ಹತ್ತಿರದ ದೊಡ್ಡಪ್ಪ ಒಬ್ಬರೇ ಹಿರಿಯರು.

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು: ನೀವು ಅನುಭವಿಸುತ್ತಿರುವುದು ನಾಟಕವಲ್ಲ, ದೌರ್ಬಲ್ಯವಲ್ಲ, ಹುಚ್ಚಂತೂ ಅಲ್ಲ. ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು ದೇಹವು ನಿಜವಾಗಿ ಭಯಪಟ್ಟಾಗ ಮಾಡುವ ಕೆಲಸ. ಭಯ ನಿಜ. ಆ ಭಯ ಎಲ್ಲಿಂದ ಬಂತು ಎಂಬುದರ ಬಗ್ಗೆ ಮಾತ್ರ ನನಗೆ ಆ ಸಮ್ಮೋಹಕರಿಗಿಂತ ಬೇರೆಯಾದ ಅಭಿಪ್ರಾಯವಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವನ್ನು ಕಾಯಿಸಬೇಕಾಗಿಲ್ಲ: ಉಳಿದ ಎಂಟು ಸಲಕ್ಕೆ ದಯವಿಟ್ಟು ಹೋಗಬೇಡಿ, ಮುಂಗಡ ಕೊಟ್ಟಿದ್ದರೂ ಹೋಗಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ.

ಪುನರ್ಜನ್ಮ ಇದೆಯೋ ಇಲ್ಲವೋ ಎಂಬ ತೀರ್ಪು ಕೊಡುವುದು ಮನೋವೈದ್ಯರ ಕೆಲಸವಲ್ಲ, ಅದಕ್ಕೆ ನಾನು ಕೈ ಹಾಕುವುದೂ ಇಲ್ಲ. ನೀವಿರುವ ಕೊಪ್ಪಳ ಜಿಲ್ಲೆ ಒಂದು ಕಾಲಕ್ಕೆ ಕೊಪಣವೆಂಬ ಹೆಸರಿನ ದೊಡ್ಡ ಜೈನ ತೀರ್ಥವಾಗಿದ್ದ ನೆಲ. ಹಿಂದಿನ ಭವಗಳ ನೆನಪಿಗೆ ಜಾತಿಸ್ಮರಣೆ ಎಂಬ ಹೆಸರನ್ನೇ ಆ ಧರ್ಮ ಕೊಟ್ಟಿದೆ. ಪಂಪನ ಆದಿಪುರಾಣದ ಶ್ರೀಮತಿ ಆಕಾಶದಲ್ಲಿ ಹೋಗುವ ದೇವತೆಗಳನ್ನು ಕಂಡ ಕ್ಷಣಕ್ಕೆ ಹಿಂದಿನ ಭವದ ಪತಿ ಲಲಿತಾಂಗನನ್ನು ನೆನೆದು ಮೂರ್ಛೆ ಹೋಗುತ್ತಾಳೆ. ಹೊರಗಿನ ಒಂದು ನೋಟ ಒಳಗಿನದನ್ನು ಎಬ್ಬಿಸುತ್ತದೆ ಎಂಬ ತಿಳಿವು ನಮ್ಮ ಹಿರಿಯರಿಗೆ ಸಾವಿರ ವರ್ಷದ ಹಿಂದೆಯೇ ಇತ್ತು. ಪತಂಜಲಿಯ ಯೋಗಸೂತ್ರವೂ ಸಂಸ್ಕಾರಗಳ ಸಾಕ್ಷಾತ್ಕಾರದಿಂದ ಪೂರ್ವಜಾತಿಯ ಜ್ಞಾನ ಉಂಟಾಗುತ್ತದೆ ಎನ್ನುತ್ತದೆ, ಆದರೆ ಅದನ್ನು ದೀರ್ಘ ಸಾಧನೆಯ ಫಲವೆಂದು ಹೇಳುತ್ತದೆಯೇ ಹೊರತು ಮೂರು ಮಧ್ಯಾಹ್ನದ ಕೆಲಸವೆಂದಲ್ಲ. ಆದ್ದರಿಂದ ನಿಮ್ಮ ನಂಬಿಕೆ ನಿಮ್ಮಲ್ಲೇ ಇರಲಿ. ನಾನು ಪರಿಶೀಲಿಸುತ್ತಿರುವುದು ಇಷ್ಟನ್ನೇ: ಆ ಕೋಣೆಯಲ್ಲಿ ನಿಮಗೆ ಕಂಡದ್ದು ಅಂಥ ನೆನಪೇ ಅಥವಾ ಬೇರೆಯದೇ?

ಈ ವಿಷಯವನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದವರಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ 1960ರ ದಶಕದಿಂದ ಹಲವು ದೇಶಗಳನ್ನು ಸುತ್ತಿ, ಹಿಂದಿನ ಜನ್ಮದ ಮಾತನಾಡುವ ಮಕ್ಕಳ ಹೇಳಿಕೆಗಳನ್ನು ಸಂಗ್ರಹಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸತ್ವಂತ್ ಪಸ್ರೀಚಾ ಅವರೊಂದಿಗೆ ಕೆಲಸ ಮಾಡಿದರು. ಅದಕ್ಕೂ ಮೊದಲೇ ದೆಹಲಿಯ ಶಾಂತಿದೇವಿ ಎಂಬ ಬಾಲಕಿ ತಾನು ಮಥುರೆಯ ಗೃಹಿಣಿಯಾಗಿದ್ದೆ ಎಂದದ್ದು 1935ರಲ್ಲಿ ದೇಶದ ತುಂಬ ಸುದ್ದಿಯಾಗಿತ್ತು. ಈ ಪ್ರಕರಣಗಳಿಗೆ ಏನರ್ಥ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವುಗಳ ಸ್ವರೂಪವನ್ನು ನೋಡಿ: ಎರಡರಿಂದ ಐದು ವರ್ಷದೊಳಗಿನ ಮಕ್ಕಳು ಯಾರೂ ಕೇಳದೆ ತಾವಾಗಿ ಹೇಳುತ್ತವೆ, ಶಾಲೆಗೆ ಹೋಗುವ ವಯಸ್ಸು ದಾಟುವಷ್ಟರಲ್ಲಿ ಬಹುಪಾಲು ಮರೆಯುತ್ತವೆ. ಮೂವತ್ತೆಂಟರ ವಯಸ್ಸಿನಲ್ಲಿ, ಮತ್ತೊಬ್ಬರ ಸೂಚನೆಯ ಮೇರೆಗೆ, ಕಣ್ಣು ಮುಚ್ಚಿ ಕುಳಿತಾಗ ಕಂಡದ್ದು ಆ ಸಾಲಿಗೆ ಸೇರುವುದಿಲ್ಲ. ಪುನರ್ಜನ್ಮದ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿದ ಸ್ಟೀವನ್‌ಸನ್ ಅವರೇ ಸಮ್ಮೋಹನದಿಂದ ಹೊರಡಿಸಿದ ಇಂಥ ಕಥೆಗಳನ್ನು ನಂಬಲಿಲ್ಲ.

ಏಕೆ ನಂಬಲಿಲ್ಲ ಎಂಬುದಕ್ಕೆ ಒಂದು ಹಳೆಯ ಪ್ರಕರಣ ಹೇಳುತ್ತೇನೆ. ಕನ್ನಡ ನಾಡಿನ ನಂಟಿರುವುದರಿಂದ ಅದು ನನಗೆ ಬಹಳ ಅಚ್ಚುಮೆಚ್ಚು. 1890ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ, ವ್ಯಾಪಾರ ಮಳಿಗೆಯೊಂದರಲ್ಲಿ ಕೆಲಸಕ್ಕಿದ್ದ ಒಬ್ಬ ಮಹಿಳೆ ಅರೆನಿದ್ರೆಯ ಸ್ಥಿತಿಗೆ ಜಾರಿ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಿದ್ದಳು. ಬರಹಗಳಲ್ಲಿ ಆಕೆಗೆ ಎಲೆನ್ ಸ್ಮಿತ್ ಎಂಬ ಹೆಸರಿದೆ. ಒಂದು ಜನ್ಮದಲ್ಲಿ ತಾನು ಸಿಮಂದಿನಿ ಎಂಬ ರಾಜಕುಮಾರಿ. 1401ರಲ್ಲಿ ಕನ್ನಡ ಸೀಮೆಯ ಚಂದ್ರಗಿರಿ ಕೋಟೆಯನ್ನು ಕಟ್ಟಿಸಿದ ‘ಸಿವ್ರೂಕ ನಾಯಕ’ ತನ್ನ ಗಂಡ. ಅವನ ಚಿತೆಯಲ್ಲೇ ತಾನು ಬೆಂದೆ ಎಂದು ಆಕೆ ಕಣ್ಣೀರಿಟ್ಟು ಹೇಳುತ್ತಿದ್ದಳು. ಅಲ್ಲಿನ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ತೆಯೊಡೋರ್ ಫ್ಲೂರ್ನ್ವಾ ವರ್ಷಗಟ್ಟಲೆ ಆಕೆಯ ಎದುರು ಕುಳಿತು ಎಲ್ಲವನ್ನೂ ಬರೆದುಕೊಂಡರು. ಇತಿಹಾಸಕಾರರನ್ನು ಕೇಳಿದರೆ ಅಂಥ ರಾಜನನ್ನು ಬಲ್ಲವರಿರಲಿಲ್ಲ. ಕೊನೆಗೆ 1828ರಲ್ಲಿ ಅಚ್ಚಾದ, ದ ಮಾರ್ಲೆಸ್ ಎಂಬಾತ ಫ್ರೆಂಚಿನಲ್ಲಿ ಬರೆದ ಭಾರತದ ಇತಿಹಾಸವೊಂದರಲ್ಲಿ ಅದೇ ಸೀಮೆ, ಅದೇ ಕೋಟೆ, ಅದೇ ರಾಜ, ಅದೇ 1401 ಸಿಕ್ಕಿತು. ಕಾಸರಗೋಡಿನ ಹತ್ತಿರದ ಚಂದ್ರಗಿರಿ ಕೋಟೆಯನ್ನು ಹದಿನೇಳನೆಯ ಶತಮಾನದ ಕೆಳದಿ ಶಿವಪ್ಪ ನಾಯಕನ ಹೆಸರಿನೊಂದಿಗೆ ನಾವು ಓದಿದ್ದೇವೆ. ‘ಸಿವ್ರೂಕ’ ಎಂಬುದು ಆ ಹೆಸರೇ ಕೆಟ್ಟ ರೂಪವಿರಬೇಕು ಎಂಬುದು ನನ್ನ ಊಹೆ. ಊಹೆ ಸರಿಯಾದರೆ ಪುಸ್ತಕದ ಇಸವಿಯೂ ತಪ್ಪು, ಹೆಸರೂ ತಪ್ಪು. ಆಕೆಯ ಜನ್ಮಾಂತರದ ನೆನಪು ಆ ತಪ್ಪುಗಳನ್ನೂ ಹಾಗೆಯೇ ಹೊತ್ತು ತಂದಿತ್ತು. ಆಕೆ ಆ ಪುಸ್ತಕ ಓದಿದ್ದಳೆಂದು ಸಿದ್ಧಪಡಿಸಲು ಫ್ಲೂರ್ನ್ವಾ ಅವರಿಗೆ ಆಗಲಿಲ್ಲ, ಆಕೆಯನ್ನು ಮೋಸಗಾರ್ತಿಯೆಂದು ಅವರು ಕರೆಯಲೂ ಇಲ್ಲ. ಎಂದೋ ಕಣ್ಣಿಗೆ ಬಿದ್ದದ್ದು ಒಳಗೆ ಉಳಿದು, ಎಲ್ಲಿಂದ ಬಂತೆಂಬ ಗುರುತು ಮಾತ್ರ ಅಳಿಸಿಹೋಗಿ, ಸ್ವಂತ ಅನುಭವದ ವೇಷದಲ್ಲಿ ಮರಳಿತು ಎಂಬುದು ಅವರ ನಿರ್ಣಯ. ಅಡಗಿದ ನೆನಪು ಎಂದು ನಾವು ಈಗ ಕರೆಯುವುದು ಇದನ್ನೇ.

ಸಮ್ಮೋಹನವು ಈ ಗುರುತು ಅಳಿಸುವ ಕೆಲಸವನ್ನು ಚುರುಕುಗೊಳಿಸುತ್ತದೆ. ಅದು ನೆನಪಿನ ನಿಖರತೆಯನ್ನು ಹೆಚ್ಚಿಸುವುದಿಲ್ಲ, ನೆನಪಿನ ಮೇಲಿನ ಭರವಸೆಯನ್ನು ಹೆಚ್ಚಿಸುತ್ತದೆ. ಕೆನಡಾದ ನಿಕೊಲಸ್ ಸ್ಪಾನೋಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೂರ್ವಜನ್ಮದವರಾಗಿ ಮಾತನಾಡಿದವರು ಆಯಾ ಕಾಲದ ನಾಣ್ಯ, ಅರಸರ ಕುರಿತ ಸಾಮಾನ್ಯ ಸಂಗತಿಗಳಲ್ಲೇ ಎಡವಿದರು. ಮೊದಲೇ ‘ಹೀಗೆ ಕಾಣಬಹುದು’ ಎಂದು ಸೂಚಿಸಿದ್ದನ್ನು ತಮ್ಮ ಕಥೆಯೊಳಗೆ ಸೇರಿಸಿಕೊಂಡರು. ಇದಕ್ಕೆ ಸಮ್ಮೋಹನವೇ ಬೇಕೆಂದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾನು ಬಳ್ಳಾರಿಯ ನನ್ನ ಮನೆಯಲ್ಲಿ ನಿದ್ದೆಯಲ್ಲಿದ್ದೆ. ಮರುದಿನದಿಂದ ವಾರವಿಡೀ ವಿಡಿಯೊಗಳನ್ನು ನೋಡಿದೆ, ಹೊಸಪೇಟೆ, ಕಂಪ್ಲಿ, ಸಿರುಗುಪ್ಪದಿಂದ ಬಂದವರ ಮಾತು ಕೇಳಿದೆ. ಈಗ ಆ ರಾತ್ರಿಯನ್ನು ನೆನೆದರೆ ಕತ್ತಲಲ್ಲಿ ಸರಪಳಿ ಕಡಿದ ಸದ್ದು ನನ್ನ ಕಿವಿಗೇ ಕೇಳಿಸುತ್ತದೆ. ಮನಸ್ಸು ಕೇಳಿದ್ದನ್ನು ಕಂಡದ್ದಾಗಿಸುತ್ತದೆ. ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದವರ ಮನಸ್ಸೂ ಅದಕ್ಕೆ ಹೊರತಲ್ಲ.

ಈಗ ನಿಮ್ಮ ದೃಶ್ಯಕ್ಕೆ ಬರೋಣ. ನೀವು ಸಮಾಜ ವಿಜ್ಞಾನದ ಶಿಕ್ಷಕಿ, ಆದ್ದರಿಂದ ನನ್ನೊಂದಿಗೆ ನೀವೂ ಇದನ್ನು ಒಂದು ಆಕರವನ್ನು ಪರೀಕ್ಷಿಸುವಂತೆ ಪರೀಕ್ಷಿಸಬಲ್ಲಿರಿ. ಸೂರ್ಯಕಾಂತಿ ಅಮೆರಿಕ ಖಂಡದ ಗಿಡ. 1969ರ ಸುಮಾರಿಗೆ ರಷ್ಯಾದ ತಳಿಗಳು ಬಂದ ಮೇಲಷ್ಟೇ ಅದು ಎಣ್ಣೆಬೀಜದ ಬೆಳೆಯಾಗಿ ನಮ್ಮ ಎರೆಹೊಲಗಳಿಗೆ ಇಳಿಯಿತು. 1565ರಲ್ಲಿ ತುಂಗಭದ್ರೆಯ ದಂಡೆಗೆ ಸೂರ್ಯಕಾಂತಿ ಹೊಲಗಳು ಎಲ್ಲಿಂದ ಬರಬೇಕು? ಆದರೆ ಉಕ್ರೇನಿನ ಸುದ್ದಿಯಲ್ಲಿ ಸೂರ್ಯಕಾಂತಿಯ ಹೊಲ, ಅದರಾಚೆ ಎದ್ದ ಹೊಗೆ ಎಷ್ಟು ಸಲ ಬಂದಿದೆ ನೆನಪಿಸಿಕೊಳ್ಳಿ. ಇನ್ನು ವಿರೂಪಾಕ್ಷನ ಗೋಪುರ. ಆ ಗುಡಿ ಉಳಿಯಿತು, ಪೂಜೆ ನಡೆದುಬಂತು. ಇಂದಿಗೂ ಜಾತ್ರೆಗೆ ನೀವು ಅಲ್ಲಿಗೇ ಹೋಗುತ್ತೀರಿ. ನಗರವೆಲ್ಲ ಬೆಂಕಿಗೂ ಹಾರೆಗೂ ಬಲಿಯಾಗಿ ನೆಲಸಮವಾಯಿತು ಎಂಬ ಚಿತ್ರ ನಮಗೆ ಬಹುಮಟ್ಟಿಗೆ ಬಂದದ್ದು, ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಬರೆದ ಇತಿಹಾಸದಿಂದ, ಅಲ್ಲಿಂದ ಪಾಠಗಳಿಗೆ. ಆ ಪಾಠವನ್ನು ಪ್ರತಿ ವರ್ಷ ತರಗತಿಯಲ್ಲಿ ನೀವೇ ಮಾಡುತ್ತೀರಿ.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಮಾತ್ರ ಹರಿಗೋಲು ಹೋದ ದಿಕ್ಕು. ನೀವು ಆನೆಗೊಂದಿಯ ದಂಡೆಯಿಂದ ಹಂಪಿಯ ದಂಡೆಗೆ, ಅಂದರೆ ಉತ್ತರದಿಂದ ದಕ್ಷಿಣಕ್ಕೆ ದಾಟುತ್ತಿದ್ದಿರಿ, ಬೆಂಕಿ ನಿಮ್ಮ ಬೆನ್ನ ಹಿಂದಿತ್ತು. 1565ರ ಜನವರಿ 23ರ ಯುದ್ಧದ ನಂತರ ಹಾಳಾದ ರಾಜಧಾನಿ ಇದ್ದದ್ದು ದಕ್ಷಿಣದ ದಂಡೆಯಲ್ಲಿ. ಶತ್ರುಸೈನ್ಯ ಬಂದದ್ದು ಉತ್ತರದಿಂದ; ತಿರುಮಲರಾಯ ಪರಿವಾರದೊಂದಿಗೆ ಹೋದದ್ದು ದಕ್ಷಿಣದ ಪೆನುಗೊಂಡೆಗೆ. ನಗರ ಬಿಟ್ಟು ಓಡುವ ತಾಯಿಯ ಬೆನ್ನ ಹಿಂದೆ ಹಂಪಿ ಇರಬೇಕಾಗಿತ್ತು, ಎದುರಿಗಲ್ಲ. ಉರಿಯುವ ಊರಿನ ಕಡೆಗೆ ಯಾವ ತಾಯಿ ಕೂಸಿನೊಂದಿಗೆ ಹರಿಗೋಲು ಹತ್ತುತ್ತಾಳೆ?

ಆ ದಿಕ್ಕು ಸರಿಹೊಂದುವ ಒಂದು ಕಾಲ ಇದೆ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ರಾಯಚೂರು, ಕೊಪ್ಪಳ, ಗಂಗಾವತಿಗಳು ನಿಜಾಮನ ಆಳ್ವಿಕೆಯಲ್ಲೇ ಉಳಿದವು. ಹೊಳೆಯ ಆಚೆಗಿನ ಹಂಪಿ, ಕಂಪ್ಲಿ, ಹೊಸಪೇಟೆಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ನಿಜಾಮನ ಪರ ನಿಂತ ಸಶಸ್ತ್ರ ದಂಡಾದ ರಜಾಕಾರರ ಹಾವಳಿಗೆ ಹೆದರಿ ಈ ದಂಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಆ ದಂಡೆಗೆ ದಾಟಿದರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಗುವವರೆಗೆ ಈ ಭಯ ಮುಗಿಯಲಿಲ್ಲ. ಅದಾದ ಮೇಲೆ ಈ ಸೀಮೆಯ ಎಷ್ಟೋ ಮುಸ್ಲಿಂ ಕುಟುಂಬಗಳೂ ಮನೆ ಬಿಟ್ಟು ಓಡಿದ ರಾತ್ರಿಗಳನ್ನು ಕಂಡವು; ಅವರ ಮೊಮ್ಮಕ್ಕಳೂ ನನ್ನ ಬಳಿ ಬಂದಿದ್ದಾರೆ, ಅವರ ಕನಸುಗಳಲ್ಲೂ ಗಂಟು, ಕತ್ತಲು, ಬಾಯಿ ಮುಚ್ಚಿಸಿದ ಕೂಸು ಇವೆ. ಒಬ್ಬ ತಾಯಿ ನನ್ನ ಎದುರಿಗೆ ಕುಳಿತು ತನ್ನ ಅತ್ತೆಯ ಮಾತನ್ನು ಹಾಗೆಯೇ ಹೇಳಿದ್ದರು: “ಕೂಸು ಅತ್ತರ ಎಲ್ಲಾರೂ ಸಾಯ್ತೀವಿ ಅಂದ್ರು, ಸೆರಗು ತುರುಕಿದೆ, ಆಚಿ ದಂಡಿಗೆ ಹೋಗಿ ತಗದು ನೋಡೂತನಕ ನನ್ನ ಜೀವ ನನ್ನೊಳಗ ಇರಲಿಲ್ಲ.”

ನಿಮ್ಮ ಪತ್ರದ ಕೊನೆಯಲ್ಲಿ, ಹೋಗುತ್ತ ಹೋಗುತ್ತ ಬರೆದ ಒಂದು ಸಾಲಿನಲ್ಲಿ ಅಜ್ಜಿ ಇದ್ದಾರೆ. ಮೂರು ನಾಲ್ಕು ವರ್ಷದ ಮಗು ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುವಾಗ ಇಸವಿ ಕೇಳುವುದಿಲ್ಲ, ‘ಅದು ನೀನು, ನಾನಲ್ಲ’ ಎಂದು ವಿಂಗಡಿಸುವುದಿಲ್ಲ. ಅಜ್ಜಿಯ ಕೈ ಬಿಗಿಯಾದದ್ದು, ದನಿ ತಗ್ಗಿದ್ದು, ಉಸಿರು ನಿಂತದ್ದು ಅದರ ಮೈಗೆ ಹೋಗುತ್ತದೆ. ಕಥೆಯ ಮಾತುಗಳು ಮರೆತ ಮೇಲೂ ಮೈಗೆ ಹೋದದ್ದು ಇರುತ್ತದೆ. ನಿಮ್ಮೊಳಗಿನ ಆ ರಾತ್ರಿ ನಿಮ್ಮ ಹಿಂದಿನ ಜನ್ಮದ್ದಲ್ಲ, ನಿಮ್ಮ ಅಜ್ಜಿಯ ಇದೇ ಜನ್ಮದ್ದು ಎಂಬುದು ನನ್ನ ಬಲವಾದ ಅನಿಸಿಕೆ. ಇದನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸಲಾರೆ. ಆದರೆ ದಿಕ್ಕು, ಹರಿಗೋಲು, ಕೂಸು ಮೂರೂ ಒಂದೇ ಕಡೆ ಬೆರಳು ತೋರುತ್ತಿವೆ. ಗೋಪುರ ಪಾಠದ್ದು, ಸೂರ್ಯಕಾಂತಿ ಟಿವಿಯದು. ಇಸವಿಯನ್ನು ಕೊಟ್ಟವರು ಎದುರಿಗೆ ಕುಳಿತಿದ್ದವರು. ಅವರ ಕೈಯಲ್ಲಿ ಇನ್ನೂ ಎಂಟು ಸಲ ಆ ಕಥೆ ಗಟ್ಟಿಯಾದರೆ, ನೀವು ಕೂಸನ್ನು ಉಸಿರುಗಟ್ಟಿಸಿ ಕೊಂದವಳು ಎಂಬ, ಎಂದೂ ನಡೆಯದ ಪಾಪವೂ ನಿಮ್ಮ ತಲೆಗೆ ಬರಬಹುದು. ನನ್ನ ಆತಂಕ ಇದೇ.

ಇಂದಿನ ಯುದ್ಧದ ಚಿತ್ರಗಳು ನಿಮ್ಮನ್ನೇ ಏಕೆ ಇಷ್ಟು ಹಿಡಿಯುತ್ತವೆ ಎಂಬುದು ಈಗ ಸ್ವಲ್ಪ ತಿಳಿಯಾಗಬಹುದು. ಮೆದುಳಿನ ಭಯದ ಕೇಂದ್ರವಾದ ಅಮಿಗ್ಡಲ, ನಾವು ‘ಇದು ಗಾಜಾ, ನಾನು ಗಂಗಾವತಿಯಲ್ಲಿದ್ದೇನೆ’ ಎಂದು ಯೋಚಿಸುವ ಮೊದಲೇ ಎದೆಬಡಿತವನ್ನು ಏರಿಸಿಬಿಡುತ್ತದೆ. ಅದಕ್ಕೆ ಬೇಕಾದದ್ದು ಹೋಲಿಕೆ ಮಾತ್ರ: ತಾಯಿ, ಕೂಸು, ಗಂಟು, ಹೊಗೆ. ಜೊತೆಗೆ ಯುದ್ಧ ನಮಗೆ ನಿಜಕ್ಕೂ ದೂರ ಉಳಿದಿಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡಾಗ ನಮ್ಮ ಓಣಿಗಳಲ್ಲೂ ಜನ ಟಿವಿ ಆರಿಸಲಿಲ್ಲ. 2025ರ ಮೇ ತಿಂಗಳಲ್ಲಿ ಯುದ್ಧದ ಅಣಕು ಕಾರ್ಯಾಚರಣೆಯ ಪಟ್ಟಿಯಲ್ಲಿ ರಾಯಚೂರಿನ ಹೆಸರೂ ಇತ್ತು. ಆದರೂ ನೋಡುವುದಕ್ಕೆ ಒಂದು ಅಳತೆ ಬೇಕು. 2013ರ ಬೋಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರಲ್ಲಿ ಕಂಡ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಸ್ಥಳದಲ್ಲಿ ಅಥವಾ ಅದರ ಹತ್ತಿರ ಇದ್ದವರಿಗಿಂತಲೂ ಹೆಚ್ಚಾಗಿದ್ದವು. ಆದ್ದರಿಂದ ಸುದ್ದಿಯನ್ನು ಪೂರ್ತಿ ಬಿಡಬೇಡಿ, ಚಲಿಸುವ ಚಿತ್ರಗಳನ್ನು ಬಿಡಿ. ಬೆಳಿಗ್ಗೆ ಪತ್ರಿಕೆ ಓದಿ, ಸಂಜೆ ಒಮ್ಮೆ ರೇಡಿಯೊ ವಾರ್ತೆ ಕೇಳಿ, ರಾತ್ರಿ ಊಟದ ನಂತರ ಫೋನನ್ನು ಮಲಗುವ ಕೋಣೆಯ ಹೊರಗಿಡಿ. ಇದು ಕಣ್ಣು ಮುಚ್ಚಿಕೊಳ್ಳುವುದಲ್ಲ. ಒಂದೇ ದೃಶ್ಯವನ್ನು ಹದಿನೈದನೆಯ ಸಲ ನೋಡುವುದರಿಂದ ಆ ತಾಯಂದಿರಿಗೆ ಏನೂ ತಲುಪುವುದಿಲ್ಲ. ನಿದ್ದೆಗೆಟ್ಟ ಶಿಕ್ಷಕಿಯ ತರಗತಿಯಲ್ಲಿ ಕುಳಿತ ನಲವತ್ತು ಮಕ್ಕಳಿಗೆ ಮಾತ್ರ ತಲುಪುತ್ತದೆ.

ಕನಸಿಗೆ ಒಳ್ಳೆಯ ಚಿಕಿತ್ಸೆ ಇದೆ, ಅದನ್ನು ಮನೆಯಲ್ಲೇ ಆರಂಭಿಸಬಹುದು. ಹಗಲು ಹೊತ್ತಿನಲ್ಲಿ, ಬೆಳಕಿರುವ ಕಡೆ ಕುಳಿತು, ಆ ಕನಸನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಂತರ ಅದನ್ನು ನಿಮಗೆ ಬೇಕಾದಂತೆ ಬದಲಿಸಿ ಬರೆಯಿರಿ: ಹರಿಗೋಲು ದಂಡೆ ಮುಟ್ಟಿತು, ಸೆರಗು ತೆಗೆದಿರಿ, ಕೂಸು ಉಸಿರಾಡಿ ಅತ್ತಿತು, ಯಾರೋ ಒಂದು ಲೋಟ ಹಾಲು ತಂದರು. ಈ ಹೊಸ ಕಥೆಯನ್ನು ದಿನವೂ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕಂಡುಕೊಳ್ಳಿ. ವಾರಗಳು ಕಳೆದಂತೆ ಕನಸಿನ ಹಿಡಿತ ಸಡಿಲುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಸಂಶೋಧನೆಗಳೂ ಇದನ್ನೇ ಹೇಳುತ್ತವೆ.

ಹೀಗಿದ್ದರೂ ಒಮ್ಮೆ ವೈದ್ಯರನ್ನು ಕಾಣಲೇಬೇಕು, ಮುಖ್ಯವಾಗಿ ಆ ಸುಟ್ಟ ವಾಸನೆಗಾಗಿ. ಚಿತ್ರ ಕಂಡಾಗ ಮಾತ್ರ ಬಂದರೆ ಅದು ಭಯದ ಭಾಗವಿರಬಹುದು. ಆದರೆ ಏನೂ ನೋಡದಿರುವಾಗಲೂ ಇದ್ದಕ್ಕಿದ್ದಂತೆ ಬಂದು, ಅರ್ಧ ನಿಮಿಷವೋ ಒಂದು ನಿಮಿಷವೋ ಇದ್ದು ಹೋಗುವುದಾದರೆ, ಅದರ ಜೊತೆಗೆ ‘ಇದೆಲ್ಲ ಹಿಂದೆ ಆಗಿತ್ತು’ ಎಂಬ ಅನುಭವವೋ ಕ್ಷಣಕಾಲ ಮೈಮರೆವೋ ಆಗುವುದಾದರೆ, ಅದು ಮೆದುಳಿನ ಕಿವಿಪಕ್ಕದ ಭಾಗದಲ್ಲಿ ಹುಟ್ಟುವ ಒಂದು ಬಗೆಯ ಮೂರ್ಛೆರೋಗದ ಲಕ್ಷಣವಿರಬಹುದು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಿ ನರರೋಗ ತಜ್ಞರಿಗೆ ತೋರಿಸಿದರೆ ಹತೋಟಿಗೆ ತರಲು ಔಷಧಗಳಿವೆ. ಪೂರ್ವಜನ್ಮದ ಹೆಸರಿನಲ್ಲಿ ಇದು ವರ್ಷಗಟ್ಟಲೆ ತಪ್ಪಿಹೋಗಬಾರದು. ಬದುಕು ಬೇಡವೆನಿಸಿದರೆ, ಇಲ್ಲದ ದನಿಗಳು ಕೇಳಿಸಿದರೆ ಒಂದು ದಿನವೂ ಕಾಯಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಕನ್ನಡದಲ್ಲೇ, ಹಗಲಿರುಳು, ಹಣವಿಲ್ಲದೆ ಮಾತನಾಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಕಾರ್ಯಕ್ರಮವನ್ನು ನಿಮ್ಹಾನ್ಸ್ 1985ರಲ್ಲಿ ಮೊದಲು ನಡೆಸಿ ನೋಡಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ದೇಶದವರು ಅದನ್ನು ಬಳ್ಳಾರಿ ಮಾದರಿ ಎಂದು ಕರೆದರು. ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ.

ಕೊನೆಯದಾಗಿ, ಮುಂದಿನ ರಜೆಗೆ ತವರಿಗೆ ಹೋದಾಗ ದೊಡ್ಡಪ್ಪನವರ ಹತ್ತಿರ ಕುಳಿತುಕೊಳ್ಳಿ. ನಿಮ್ಮ ಕನಸನ್ನು ಮೊದಲು ಹೇಳಬೇಡಿ. ಹೇಳಿದರೆ ಅವರ ನೆನಪಿಗೂ ಅದು ಬೆರೆಯುತ್ತದೆ. ಅವ್ವ ಹೊಳೆ ದಾಟಿದ್ದು ಎಲ್ಲಿ, ಯಾರ ಹರಿಗೋಲಿನಲ್ಲಿ, ಆಚೆ ದಂಡೆಯಲ್ಲಿ ಯಾರ ಮನೆಯಲ್ಲಿ ಉಳಿದಿದ್ದರು ಎಂದಷ್ಟೇ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ದೊಡ್ಡಪ್ಪನವರಿಗೆ ಎಂಬತ್ತರ ಹತ್ತಿರ ಎಂದು ಬರೆದಿದ್ದೀರಿ. 1948ರಲ್ಲಿ ಅವರು ಕೈಕೂಸು. ಅಜ್ಜಿ ಸೆರಗು ಒತ್ತಿ ಹಿಡಿದದ್ದು ಅವರ ಬಾಯಿಗೇ ಇರಬಹುದು.